ಯಾತ್ರಿಕರ ಕಾವಲು

ಮಲೆನಾಡಿನ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳಿಗೆ ವರ್ಷದ ಎಲ್ಲ ಕಾಲಗಳಲ್ಲಿಯೂ ಪರಸ್ಥಳದ ಜನರು ಬರುತ್ತಿರುತ್ತಾರೆ. ತುಂಗಾನದಿಯ ದಡದಲ್ಲಿರುವ ಶಾರದಾಂಬೆಯ ಹಾಗೂ ವಿದ್ಯಾಶಂಕರನ ದೇವಾಲಯಗಳನ್ನು ನೋಡಲು ಶೃಂಗೇರಿಗೆ ಬರುವವರು ಅಸಂಖ್ಯರು. ಕೊಪ್ಪ ತಾಲ್ಲೂಕಿನ ಹರಿಹರಪುರಕ್ಕೆ ಹೋಗುವವರು ಕೆಲವರು. ಹಿಂದೆ ಎಡೆಹಳ್ಳಿ ಎಂದು ಹೆಸರಾಗಿದ್ದ ನರಸಿಂಹರಾಜಪುರದ ಬಳಿಯ ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿಯ ಬಸದಿಯಿದೆ. ಭದ್ರಾ ಜಲಾಶಯದ ವಿಶಾಲವಾದ ಹಿನ್ನೀರು ಈ ತಾಲ್ಲೂಕಿನಲ್ಲಿ ಹರಡಿಕೊಂಡಿದೆ. ಇವನ್ನು ನೋಡಲು ಬರುವವರೂ ಉಂಟು. ಹೀಗೆ ಬರುವವರಲ್ಲಿ ಬಹುಮಂದಿಗೆ ಈ ಸೀಮೆಯ ಹಾದಿಬೀದಿಗಳ ಪರಿಚಯವಿರುವುದಿಲ್ಲ. ಅವರ ಸುರಕ್ಷತೆಯ ಹೊಣೆ ಯಾರದು? ಈ ಪ್ರಶ್ನೆಯನ್ನು ಇಲ್ಲಿ ವಿಚಾರ ಮಾಡೋಣ.

ಮಳೆಗಾಲದ ಒಂದು ರಾತ್ರಿಯನ್ನು ಕಲ್ಪಿಸಿಕೊಳ್ಳಿರಿ. ದೂರದ ಊರಿನಿಂದ ಹೊರಟ ಬಸ್ಸು ಶೃಂಗೇರಿಯ ನಿಲ್ದಾಣಕ್ಕೆ ಬಂದು ನಿಲ್ಲುತ್ತದೆ. ವೃದ್ಧೆಯೊಬ್ಬಳು ಮೊಮ್ಮಗಳ ಕೈ ಹಿಡಿದು ಕೆಳಗೆ ಇಳಿಯುತ್ತಾಳೆ. ಅಂಗಡಿಗಳು ಮುಚ್ಚಿವೆ, ದೀಪಗಳು ಮಂಕಾಗಿವೆ. ಯಾರನ್ನು ಕೇಳಬೇಕು, ಯಾರನ್ನು ನಂಬಬೇಕು ಎಂಬುದು ಅವಳಿಗೆ ತಿಳಿಯದು. ಆ ಹೊತ್ತಿನಲ್ಲಿ ಸಮವಸ್ತ್ರ ಧರಿಸಿದ ಪೊಲೀಸಿನವರೊಬ್ಬರು ಕಣ್ಣಿಗೆ ಬಿದ್ದರೆ ಅವಳ ಅರ್ಧ ಭಯ ಕಳೆಯುತ್ತದೆ. ಉಳಿದ ಅರ್ಧ ಭಯವನ್ನು ಕಳೆಯುವವರು ಯಾರು ಎಂಬುದನ್ನು ಮುಂದೆ ನೋಡಬಹುದು.

ಪುಣ್ಯಕ್ಷೇತ್ರ ಎಂದ ಮಾತ್ರಕ್ಕೆ ಒಂದು ಸ್ಥಳವು ತಾನೇ ತಾನಾಗಿ ಸುರಕ್ಷಿತವಾಗಿರುವುದಿಲ್ಲ. ಇತಿಹಾಸವೇ ಇದಕ್ಕೆ ಸಾಕ್ಷಿ. 1791ರಲ್ಲಿ, ಮೈಸೂರಿನ ಮೇಲೆ ಯುದ್ಧ ನಡೆದಿದ್ದ ಕಾಲದಲ್ಲಿ, ಮರಾಠಾ ಸೈನ್ಯದೊಡನೆ ಬಂದ ಪಿಂಡಾರಿಗಳು ಶೃಂಗೇರಿಯ ಮಠವನ್ನೇ ಸೂರೆ ಮಾಡಿದರು. ಆ ಸಂಬಂಧವಾಗಿ ಟಿಪ್ಪು ಸುಲ್ತಾನನು ಮಠಕ್ಕೆ ಬರೆದ ಪತ್ರಗಳು 1916ರಲ್ಲಿ ಮೈಸೂರು ಪ್ರಾಕ್ತನ ಇಲಾಖೆಯ ಆರ್. ನರಸಿಂಹಾಚಾರ್ಯರ ಮೂಲಕ ಬೆಳಕಿಗೆ ಬಂದವು. ಅಂತಹ ಸೂರೆಯ ಕಾಲ ಎಂದೋ ಕಳೆದುಹೋಯಿತು. ಆದರೆ ಜನಸಂದಣಿ ಸೇರುವ ಕಡೆ ಸಣ್ಣ ಕಳ್ಳತನದ ಭಯ ಇಂದಿಗೂ ಉಂಟು.

ಯಾತ್ರಾಸ್ಥಳಗಳಲ್ಲಿ ನಡೆಯುವ ಕಳ್ಳತನಕ್ಕೆ ಅದರದೇ ಆದ ಒಂದು ರೀತಿಯಿದೆ. ಯಾತ್ರಿಕನ ಕೈಯಲ್ಲಿ ಹಣವಿರುತ್ತದೆ. ಗಮನ ಬೇರೆಡೆ ಇರುತ್ತದೆ. ಸ್ನಾನಕ್ಕೆ ಇಳಿಯುವಾಗ ಬಟ್ಟೆಯನ್ನೂ ಚೀಲವನ್ನೂ ದಡದಲ್ಲಿ ಇಡುತ್ತಾನೆ. ದೇವರ ದರ್ಶನದ ಸಾಲಿನಲ್ಲಿ ನೂಕುನುಗ್ಗಲಿದ್ದಾಗ ಕೊರಳಿನ ಸರದ ಕಡೆಗೆ ಗಮನವಿರುವುದಿಲ್ಲ. ಕಳ್ಳನು ಕಾಯುವುದು ಇಂತಹ ಗಳಿಗೆಗಾಗಿಯೇ. 1979ರಲ್ಲಿ ಲಾರೆನ್ಸ್ ಕೋಹೆನ್ ಮತ್ತು ಮಾರ್ಕಸ್ ಫೆಲ್ಸನ್ ಎಂಬ ಅಮೆರಿಕದ ಇಬ್ಬರು ಸಮಾಜಶಾಸ್ತ್ರಜ್ಞರು ಈ ವಿಷಯವನ್ನು ಸರಳವಾಗಿ ವಿವರಿಸಿದರು. ಕಳವು ಮಾಡುವ ಮನಸ್ಸುಳ್ಳವನು, ಸುಲಭವಾಗಿ ಕೈಗೆ ಸಿಗುವ ವಸ್ತು, ಕಾಯುವವರಿಲ್ಲದ ಸ್ಥಿತಿ, ಈ ಮೂರೂ ಒಂದೇ ಕಡೆ ಒಂದೇ ಹೊತ್ತಿನಲ್ಲಿ ಕೂಡಿದಾಗ ಅಪರಾಧ ನಡೆಯುತ್ತದೆ ಎಂಬುದು ಅವರ ಅಭಿಪ್ರಾಯದ ಸಾರ. ಮೂರರಲ್ಲಿ ಒಂದನ್ನು ತಪ್ಪಿಸಿದರೂ ಸಾಕು, ಕಳವು ತಪ್ಪುತ್ತದೆ. ಕಳ್ಳನ ಮನಸ್ಸನ್ನು ತಿದ್ದುವುದು ಕಷ್ಟ. ಕಾವಲನ್ನು ಒದಗಿಸುವುದು ನಮ್ಮ ಕೈಯಲ್ಲಿದೆ.

ಕಾವಲಿನ ವ್ಯವಸ್ಥೆ ನಮ್ಮ ನಾಡಿಗೆ ಹೊಸದಲ್ಲ. ಕನ್ನಡನಾಡಿನ ಹಳ್ಳಿಗಳಲ್ಲಿ ತಳವಾರನು ಊರನ್ನು ಕಾಯುತ್ತಿದ್ದನು. ಸುಮಾರು 1535ರ ವೇಳೆಗೆ ವಿಜಯನಗರವನ್ನು ಕಂಡ ಫರ್ನಾವೊ ನೂನಿಜ್ ಎಂಬ ಪೋರ್ಚುಗೀಸ್ ವ್ಯಾಪಾರಿಯು ಅಲ್ಲಿನ ಒಂದು ಪದ್ಧತಿಯನ್ನು ಬರೆದಿಟ್ಟಿದ್ದಾನೆ. ದಾರಿಯಲ್ಲಿ ಕಳ್ಳರಿಗೆ ಸಿಕ್ಕಿ ಸುಲಿಗೆಗೊಳಗಾದವನು ಅರಸನಲ್ಲಿ ದೂರು ಹೇಳಿದರೆ, ಅರಸನು ಆ ಪ್ರಾಂತ್ಯದ ನಾಯಕನನ್ನು ಕರೆಸುತ್ತಿದ್ದನು. ಕಳ್ಳನನ್ನು ಹಿಡಿಯದಿದ್ದರೆ ನಾಯಕನ ಆಸ್ತಿಗೇ ಕುತ್ತು ಬರುತ್ತಿತ್ತು. ರಾಜಧಾನಿಯ ಕಾವಲಿನ ಮುಖ್ಯಾಧಿಕಾರಿಯೂ ನಗರದ ಕಳವುಗಳಿಗೆ ಇದೇ ರೀತಿ ಉತ್ತರ ಹೇಳಬೇಕಾಗಿತ್ತು. ಆದ್ದರಿಂದ ಅಲ್ಲಿ ಕಳ್ಳತನ ಬಹಳ ವಿರಳವೆಂದು ಅವನು ಹೇಳುತ್ತಾನೆ. ಕಾವಲುಗಾರನಿದ್ದರೆ ಸಾಲದು, ಅವನು ಉತ್ತರವಾದಿಯೂ ಆಗಿರಬೇಕು ಎಂಬ ತತ್ತ್ವವನ್ನು ಇದರಿಂದ ತಿಳಿಯಬಹುದು.

1829ರಲ್ಲಿ ರಾಬರ್ಟ್ ಪೀಲ್ ಎಂಬ ಸಚಿವನ ಪ್ರಯತ್ನದಿಂದ ಲಂಡನ್ ನಗರದಲ್ಲಿ ಹೊಸ ಪೊಲೀಸ್ ದಳ ಸ್ಥಾಪನೆಯಾಯಿತು. ಆ ದಳದವರು ಸೈನಿಕರಂತೆ ಕೆಂಪು ಅಂಗಿಯನ್ನು ತೊಡದೆ ನೀಲಿ ಉಡುಪನ್ನು ಧರಿಸಿ ಬೀದಿಗಳಲ್ಲಿ ಕಾಲ್ನಡಿಗೆಯಿಂದ ತಿರುಗುತ್ತಿದ್ದರು. ಅವರ ಕೊರಳಪಟ್ಟಿಯ ಮೇಲೆ ಎಲ್ಲರಿಗೂ ಕಾಣುವಂತೆ ಒಂದು ಸಂಖ್ಯೆ ಇರುತ್ತಿತ್ತು. ಪೊಲೀಸಿನವನು ಜನರನ್ನು ನೋಡುತ್ತಾನೆ. ಜನರೂ ಅವನನ್ನು ಗುರುತಿಸಬಲ್ಲರು. ನಮ್ಮ ಪೊಲೀಸರ ಎದೆಯ ಮೇಲಿರುವ ಹೆಸರಿನ ಪಟ್ಟಿಯ ಉದ್ದೇಶವೂ ಇದೇ. ತಾನು ಪೊಲೀಸ್ ಅಧಿಕಾರಿಯೆಂದು ಹೇಳಿಕೊಂಡು ಯಾತ್ರಿಕರ ಒಡವೆಗಳನ್ನು ಬಿಚ್ಚಿಸುವ ವಂಚಕರಿರುವುದರಿಂದ, ಹೆಸರು ಹೇಳಲು ಹಿಂಜರಿಯುವವನನ್ನು ನಂಬಬಾರದು.

ಗಸ್ತು ತಿರುಗುವುದರಿಂದ ನಿಜವಾಗಿ ಪ್ರಯೋಜನವುಂಟೆ? ಇದನ್ನೂ ಪರೀಕ್ಷಿಸಿ ನೋಡಿದ್ದಾರೆ. 1972-73ರಲ್ಲಿ ಅಮೆರಿಕದ ಕಾನ್ಸಾಸ್ ನಗರದ 15 ಗಸ್ತು ಪ್ರದೇಶಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಲಾಯಿತು. ಒಂದರಲ್ಲಿ ಪೊಲೀಸ್ ವಾಹನಗಳ ಗಸ್ತನ್ನು ಹೆಚ್ಚಿಸಿದರು, ಒಂದರಲ್ಲಿ ಮೊದಲಿನಂತೆ ಉಳಿಸಿದರು, ಇನ್ನೊಂದರಲ್ಲಿ ನಿಲ್ಲಿಸಿ, ಕರೆ ಬಂದಾಗ ಮಾತ್ರ ಹೋದರು. ಅಪರಾಧಗಳ ಪ್ರಮಾಣದಲ್ಲಾಗಲಿ ಜನರ ಭಯದಲ್ಲಾಗಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ! ಆದರೆ 2009ರ ಬೇಸಗೆಯಲ್ಲಿ ಫಿಲಡೆಲ್ಫಿಯ ನಗರದಲ್ಲಿ, ಅಪರಾಧ ಹೆಚ್ಚಾಗಿ ನಡೆಯುತ್ತಿದ್ದ 60 ಚಿಕ್ಕ ಪ್ರದೇಶಗಳನ್ನು ಆರಿಸಿ ಕಾಲ್ನಡಿಗೆಯ ಗಸ್ತನ್ನು ಏರ್ಪಡಿಸಿದಾಗ, ಹಿಂಸಾತ್ಮಕ ಅಪರಾಧಗಳು ಶೇಕಡ 23ರಷ್ಟು ಕಡಿಮೆಯಾದವು. ಅವುಗಳಲ್ಲಿ ಸ್ವಲ್ಪ ಭಾಗ ಪಕ್ಕದ ಬೀದಿಗಳಿಗೆ ಸರಿದದ್ದೂ ಕಂಡುಬಂದಿತು. ಎಲ್ಲೆಡೆ ತೆಳ್ಳಗೆ ಹರಡಿದ ಕಾವಲಿಗಿಂತ, ಬೇಕಾದ ಸ್ಥಳದಲ್ಲಿ ಬೇಕಾದ ಹೊತ್ತಿನಲ್ಲಿ ನಡೆದಾಡುವ ಕಾವಲು ಮೇಲು ಎಂಬುದು ಇವುಗಳಿಂದ ಸ್ಪಷ್ಟವಾಗುತ್ತದೆ.

ಈ ಮಾತನ್ನು ನಮ್ಮ ಸೀಮೆಗೆ ಅನ್ವಯಿಸಿ ನೋಡೋಣ. ಕಾಡು, ತೋಟ, ಗುಡ್ಡಗಳ ನಡುವೆ ಹಬ್ಬಿರುವ ಈ ಮೂರು ತಾಲ್ಲೂಕುಗಳ ಪ್ರತಿಯೊಂದು ತಿರುವಿನಲ್ಲಿಯೂ ಪೊಲೀಸರನ್ನು ನಿಲ್ಲಿಸುವುದು ಅಸಾಧ್ಯ. ಆದರೆ ನವರಾತ್ರಿಯ ದಿನಗಳಲ್ಲಿ ಶೃಂಗೇರಿಯ ದೇವಾಲಯದ ಬೀದಿ, ಸಂತೆಯ ದಿನ ಪೇಟೆ, ರಾತ್ರಿ ಹಾಗೂ ನಸುಕಿನಲ್ಲಿ ಬಸ್ ನಿಲ್ದಾಣ, ಇಂತಹ ಕೆಲವು ಸ್ಥಳಗಳಲ್ಲಿ ಕಾವಲು ಕಣ್ಣಿಗೆ ಕಾಣುವಂತಿರಬೇಕು. ಅಲ್ಲದೆ ಪ್ರವಾಸಿಗರಿಗೆ ನೆರವಾಗಲೆಂದು ಗೃಹರಕ್ಷಕ ದಳದವರಿಗೆ ತರಬೇತಿ ನೀಡಿ, ಅವರನ್ನು 'ಪ್ರವಾಸಿ ಮಿತ್ರ'ರೆಂಬ ಹೆಸರಿನಿಂದ ಕರ್ನಾಟಕದ ಕೆಲವು ಪ್ರವಾಸಿ ತಾಣಗಳಲ್ಲಿ ನೇಮಿಸಲಾಗಿದೆ. ಆಪತ್ತಿನಲ್ಲಿರುವವರು 112 ಎಂಬ ಸಂಖ್ಯೆಗೆ ದೂರವಾಣಿ ಕರೆ ಮಾಡಿ ಪೊಲೀಸರ ನೆರವನ್ನು ಪಡೆಯಬಹುದು.

ಇನ್ನೊಂದು ಸಂಗತಿಯನ್ನು ನಾವು ಮರೆಯಬಾರದು. ಮಲೆನಾಡಿನಲ್ಲಿ ಯಾತ್ರಿಕನಿಗೆ ಕಳ್ಳನಿಗಿಂತಲೂ ದೊಡ್ಡ ವೈರಿಗಳಿದ್ದಾರೆ. ಹಾಸುಗಲ್ಲಿನ ಪಾಚಿ, ತುಂಗೆಯ ಸುಳಿ, ಕಿಗ್ಗದ ಸಮೀಪದ ಸಿರಿಮನೆ ಜಲಪಾತದ ಜಾರುಬಂಡೆ, ಮಂಜು ಮುಸುಕಿದ ಘಟ್ಟದ ತಿರುವು, ಇವು ಸಮವಸ್ತ್ರವನ್ನು ಕಂಡು ಹಿಂಜರಿಯುವುದಿಲ್ಲ. ಕಳ್ಳನು ವಸ್ತುವನ್ನು ಒಯ್ದರೆ ಮತ್ತೆ ಸಂಪಾದಿಸಬಹುದು. ಹೊಳೆಯು ಒಯ್ದ ಜೀವವನ್ನು ಮರಳಿ ತರಲಾಗದು. ಬಯಲುಸೀಮೆಯಿಂದ ಬಂದ ಬಾಲಕನಿಗೆ ಶಾಂತವಾಗಿ ತೋರುವ ನೀರಿನ ಆಳ ತಿಳಿಯದು. ಅದು ತಿಳಿದಿರುವುದು ಇಲ್ಲಿಯೇ ಹುಟ್ಟಿ ಬೆಳೆದವರಿಗೆ ಮಾತ್ರ.

ಇಲ್ಲಿಯೇ ನಮ್ಮ ಕರ್ತವ್ಯ ಆರಂಭವಾಗುತ್ತದೆ. ವೃದ್ಧೆಯ ಉಳಿದ ಅರ್ಧ ಭಯವನ್ನು ಕಳೆಯಬೇಕಾದವರು ಊರಿನ ಜನರು: ಅಂಗಡಿಯವರು, ಆಟೋರಿಕ್ಷಾ ಚಾಲಕರು, ಬಸ್ಸಿನ ನಿರ್ವಾಹಕರು, ವಿದ್ಯಾರ್ಥಿಗಳು. ದಾರಿ ಕೇಳಿದವರಿಗೆ ಸರಿಯಾದ ದಾರಿಯನ್ನು ತೋರಿಸುವುದು, ಹೊಳೆ ತುಂಬಿದಾಗ ಇಳಿಯಬೇಡಿರೆಂದು ಎಚ್ಚರಿಸುವುದು, ವಾರಸುದಾರರಿಲ್ಲದ ಚೀಲವನ್ನು ಕಂಡರೆ ಮುಟ್ಟದೆ ಪೊಲೀಸರಿಗೆ ತಿಳಿಸುವುದು, ಇವೆಲ್ಲವೂ ಕಾವಲಿನ ಕೆಲಸಗಳೇ. ಆದರೆ ಎಚ್ಚರವು ಅನುಮಾನವಾಗಿ ಮಾರ್ಪಡಬಾರದು. ಕಾಫಿ, ಅಡಿಕೆ ತೋಟಗಳ ಕೆಲಸಕ್ಕೆಂದು ದೂರದಿಂದ ಬರುವ ಕೂಲಿಯವರೂ ಪರಸ್ಥಳದವರೇ. ಅವರ ಭಾಷೆ ಬೇರೆ, ಉಡುಪು ಬೇರೆ ಎಂಬ ಕಾರಣಕ್ಕೆ ಅವರನ್ನು ಕಳ್ಳರಂತೆ ಕಾಣುವುದು ಅನ್ಯಾಯ. ನಾವು ಗಮನಿಸಬೇಕಾದುದು ಮನುಷ್ಯನ ವೇಷವನ್ನಲ್ಲ, ಅವನ ನಡತೆಯನ್ನು. ಸಂಶಯ ಬಂದರೂ ಶಿಕ್ಷಿಸುವ ಅಧಿಕಾರ ನಮಗಿಲ್ಲ. ಪೊಲೀಸರಿಗೆ ತಿಳಿಸುವುದಷ್ಟೇ ನಮ್ಮ ಕೆಲಸ.

ಶೃಂಗೇರಿಯ ಸ್ನಾನಘಟ್ಟದ ಬಳಿ ತುಂಗೆಯ ನೀರಿನಲ್ಲಿ ದೊಡ್ಡ ದೊಡ್ಡ ಮೀನುಗಳು ನಿರ್ಭಯವಾಗಿ ಈಜುತ್ತವೆ. ಯಾತ್ರಿಕರು ಎಸೆಯುವ ಆಹಾರಕ್ಕಾಗಿ ಅವು ಮೆಟ್ಟಿಲಿನವರೆಗೂ ಬರುತ್ತವೆ. ಅಲ್ಲಿ ಮೀನು ಹಿಡಿಯುವುದಕ್ಕೆ ನಿಷೇಧವಿದೆ. ಆದರೆ ಆ ಮೀನುಗಳನ್ನು ಹಗಲಿರುಳು ಕಾಯುತ್ತಿರುವುದು ಬರಿಯ ನಿಷೇಧವಲ್ಲ. ಅವುಗಳನ್ನು ಹಿಡಿಯಬಾರದೆಂಬ ಊರಿನವರೆಲ್ಲರ ಮನಸ್ಸು. ನೀರಿನ ಮೀನಿಗೆ ದೊರೆತಿರುವ ಈ ಅಭಯವು ನಮ್ಮ ಊರಿಗೆ ಬರುವ ಪ್ರತಿಯೊಬ್ಬ ಅಪರಿಚಿತನಿಗೂ ದೊರೆಯಬೇಕು. ಅಂದು ಮಾತ್ರ ನಮ್ಮ ಊರು ನಿಜವಾದ ಅರ್ಥದಲ್ಲಿ ಕ್ಷೇತ್ರವೆನಿಸುತ್ತದೆ.