ವಿಷದ ಸುಳಿವು ಕೊಡುವ ಗಾಜಿನ ಎಳೆ

ಬಾಟಲಿ ನೀರಿನಲ್ಲಿ ಯಾವುದೇ ಒಂದು ಕೀಟನಾಶಕ ಲೀಟರಿಗೆ 0.1 ಮೈಕ್ರೋಗ್ರಾಂ ಮೀರಕೂಡದು. 2004ರಿಂದ ನಮ್ಮ ದೇಶದಲ್ಲಿ ಜಾರಿಯಲ್ಲಿರುವ ನಿಯಮವಿದು. ಲೆಕ್ಕ ಹಾಕಿದರೆ, ಒಂದು ಕೋಟಿ ಲೀಟರ್ ನೀರಿಗೆ ಒಂದೇ ಒಂದು ಗ್ರಾಂ! ಇಷ್ಟು ಅಲ್ಪ ಪ್ರಮಾಣವನ್ನು ಹಿಡಿಯಲು ದುಬಾರಿ ಯಂತ್ರಗಳಿರುವ ಪ್ರಯೋಗಾಲಯವೇ ಬೇಕು. ತರಕಾರಿಯ ಪರೀಕ್ಷೆಗೂ ಅಷ್ಟೇ, ವರದಿ ಕೈಸೇರುವ ಹೊತ್ತಿಗೆ ಅದು ಅಡುಗೆಯಾಗಿ ಹೊಟ್ಟೆ ಸೇರಿರುತ್ತದೆ. ಆಪ್ಟಿಕಲ್ ಫೈಬರ್ ಜೈವಿಕ ಸೆನ್ಸರ್‌ಗಳತ್ತ ವಿಜ್ಞಾನಿಗಳು ಕಣ್ಣು ಹಾಯಿಸಿದ್ದು ಇದಕ್ಕಾಗಿಯೇ.

ಆಪ್ಟಿಕಲ್ ಫೈಬರ್ ಎಂದರೆ ಮನೆಗೆ ಇಂಟರ್ನೆಟ್ ತರುವ ಗಾಜಿನ ಎಳೆ. ಅದರೊಳಗೆ ಬೆಳಕು ಗೋಡೆಯಿಂದ ಗೋಡೆಗೆ ಪ್ರತಿಫಲಿಸುತ್ತ ಸಾಗುತ್ತದೆ. ಹಾಗೆ ತಾಗಿದಲ್ಲೆಲ್ಲ ಗೋಡೆಯಾಚೆಗೂ ನೂರಾರು ನ್ಯಾನೋಮೀಟರ್‌ನಷ್ಟು ಅದು ಇಣುಕುತ್ತದೆ. ಕೇಬಲ್ ತಯಾರಿಸುವವರು ಮೇಲೊಂದು ಹೊದಿಕೆ ಕೊಟ್ಟು ಅದನ್ನು ಕಾಪಾಡುತ್ತಾರೆ. ಸೆನ್ಸರ್ ಮಾಡುವವರು ಆ ಹೊದಿಕೆಯನ್ನೇ ಸುಲಿದು, ಬರಿಮೈಯಾದ ಗಾಜಿಗೆ ಕಿಣ್ವವನ್ನೋ ಪ್ರತಿಕಾಯವನ್ನೋ ಅಂಟಿಸುತ್ತಾರೆ. ಅಲ್ಲಿ ನಡೆಯುವ ಬದಲಾವಣೆಯನ್ನು ಇಣುಕಿದ ಬೆಳಕು ವರದಿ ಮಾಡುತ್ತದೆ. ಎಳೆಯನ್ನು ಇಂಗ್ಲಿಷಿನ ‘ಯು’ ಆಕಾರಕ್ಕೆ ಬಗ್ಗಿಸಿದರೆ ಬೆಳಕು ಇನ್ನೂ ಹೆಚ್ಚು ಹೊರಚಾಚುತ್ತದೆ. ಮುಂಬೈ ಐಐಟಿಯ ಸೌಮ್ಯೋ ಮುಖರ್ಜಿ ಅವರ ತಂಡ ಈ ಬಾಗಿದ ಎಳೆಗಳ ಮೇಲೆ ಬಹಳ ಕೆಲಸ ಮಾಡಿದೆ.

ಕೀಟನಾಶಕದ ಪತ್ತೆಗೆ ಹೆಚ್ಚಾಗಿ ಬಳಕೆಯಾದದ್ದು ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವ. ನರದಿಂದ ನರಕ್ಕೆ ಸಂದೇಶ ಒಯ್ದ ಅಸಿಟೈಲ್‌ಕೋಲಿನ್ ಅನ್ನು ಒಡೆದು ಮುಗಿಸುವುದು ಅದರ ಕೆಲಸ. ಆರ್ಗನೋಫಾಸ್ಫೇಟ್ ಕೀಟನಾಶಕಗಳು ಈ ಕಿಣ್ವಕ್ಕೇ ಬೀಗ ಜಡಿಯುತ್ತವೆ. ಹುಳು ಸಾಯುವುದು ಹಾಗೆ, ಮನುಷ್ಯನೂ ಹಾಗೆಯೇ. 2013ರಲ್ಲಿ ಬಿಹಾರದ ಶಾಲೆಯೊಂದರಲ್ಲಿ ಬಿಸಿಯೂಟ ಉಂಡ 23 ಮಕ್ಕಳನ್ನು ಕೊಂದ ಮಾನೋಕ್ರೋಟೊಫಾಸ್ ಇದೇ ಜಾತಿಯದು.

ಎಳೆಯ ಮೇಲಿನ ಕಿಣ್ವ ಅಸಿಟೈಲ್‌ಕೋಲಿನ್ ಒಡೆದಾಗ ಆಮ್ಲ ಹುಟ್ಟಿ, ಜತೆಗಿಟ್ಟ ಬಣ್ಣದ ಹೊಳಪು ಕುಂದುತ್ತದೆ. ಮಾದರಿಯಲ್ಲಿ ವಿಷವಿದ್ದರೆ ಕಿಣ್ವ ಸುಮ್ಮನಾಗುತ್ತದೆ, ಹೊಳಪು ಕುಂದುವುದಿಲ್ಲ. ಅಮೆರಿಕದ ಸಂಶೋಧಕರು 1990ರ ದಶಕದ ಆರಂಭದಲ್ಲೇ ಇದನ್ನು ಮಾಡಿ ತೋರಿಸಿದ್ದರು. ಕೊಲ್ಲುವ ವಿಧಾನವೇ ವಿಷದ ವಿರುದ್ಧ ಸಾಕ್ಷಿಯಾಗುವ ಈ ಉಪಾಯ ನನಗೆ ಬಹಳ ಇಷ್ಟ.

ಆದರೆ ಸಾಕ್ಷಿಗೆ ಹೆಸರು ಹೇಳಲು ಬಾರದು. ಕಾರ್ಬಮೇಟ್ ಕೀಟನಾಶಕ ಬಂದರೂ ಕಿಣ್ವ ನಿಲ್ಲುತ್ತದೆ. ಕ್ಲೋರ್‌ಪೈರಿಫಾಸ್ ಇದ್ದ ಹಾಗೇ ಬಂದರೆ ಅಷ್ಟಾಗಿ ತಟ್ಟುವುದಿಲ್ಲ, ಅದನ್ನು ಮೊದಲು ಆಕ್ಸಿಡೀಕರಿಸಬೇಕು. ಕಾಸರಗೋಡು, ದಕ್ಷಿಣ ಕನ್ನಡದ ಗೇರುತೋಟಗಳ ಸುತ್ತಲಿನವರನ್ನು ನರಳಿಸಿದ ಎಂಡೋಸಲ್ಫಾನ್‌ನ ದಾರಿಯೇ ಬೇರೆ, ಅದರ ಮುಂದೆ ಈ ಸೆನ್ಸರ್ ಮೂಕ. ಅಂಥ ಆರ್ಗನೋಕ್ಲೋರಿನ್‌ಗಳಿಗೆ ಪ್ರತಿಕಾಯವೇ ಬೇಕು. ಡಿಡಿಟಿಗೆ ಪ್ರತಿಕಾಯ ಮತ್ತು ಚಿನ್ನದ ನ್ಯಾನೋಕಣ ಬಳಸಿದ ಪರೀಕ್ಷಾಪಟ್ಟಿಯನ್ನು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ಸಂಶೋಧಕರು ರೂಪಿಸಿದ್ದಾರೆ. ಅದರಲ್ಲಿ ಫೈಬರ್ ಇಲ್ಲ, ಪತ್ತೆಯ ಮರ್ಮ ಮಾತ್ರ ಇದೇ.

ಹಾಗಾಗಿ ಫೈಬರ್ ಸೆನ್ಸರ್ ಪ್ರಯೋಗಾಲಯಕ್ಕೆ ಬದಲಿಯಲ್ಲ. ಯಾವ ಮೂಟೆಯನ್ನು ಅಲ್ಲಿಗೆ ಕಳಿಸಬೇಕೆಂದು ಮಾರುಕಟ್ಟೆಯಲ್ಲೇ ಹೇಳಿದರೆ ಅಷ್ಟೇ ದೊಡ್ಡದು. ತೊಡಕಿರುವುದು ಗಾಜಿನಲ್ಲಲ್ಲ, ಕಿಣ್ವದಲ್ಲಿ. ಬಿಸಿಲಿಗೆ ಅದು ಕೆಡುತ್ತದೆ, ಒಮ್ಮೆ ವಿಷ ಹಿಡಿದರೆ ತಾನಾಗಿ ಚೇತರಿಸಿಕೊಳ್ಳುವುದೂ ಕಷ್ಟ. ಕೀಟನಾಶಕ ಕುಡಿದವರಿಗೆ ಆಸ್ಪತ್ರೆಯಲ್ಲಿ ಕೊಡುವ ಪ್ರಾಲಿಡಾಕ್ಸಿಮ್‌ನಿಂದಲೇ ಎಳೆಯ ಮೇಲಿನ ಕಿಣ್ವವನ್ನೂ ಎಬ್ಬಿಸಬಹುದು. ತಡವಾದರೆ ಕಿಣ್ವಕ್ಕೂ ವಿಷಕ್ಕೂ ಬಿದ್ದ ಬೆಸುಗೆ ಬಿಡುವುದಿಲ್ಲ, ಹೊಸ ಎಳೆಯನ್ನೇ ಹಾಕಬೇಕು.