ಗೆರೆ ದಾಟದ ಶೌರ್ಯ

1999ರ ಮೇ 26ರಂದು ಭಾರತೀಯ ವಾಯುಸೇನೆಯ ವಿಮಾನಗಳು ಕಾರ್ಗಿಲ್‌ನ ಹಿಮಶಿಖರಗಳತ್ತ ಹಾರಿದವು. ಅವುಗಳಿಗೆ ಅನುಮತಿಯೂ ಇತ್ತು, ಕಟ್ಟಳೆಯೂ ಇತ್ತು. ಶಿಖರಗಳಲ್ಲಿ ನೆಲೆಯೂರಿದ ಅತಿಕ್ರಮಣಕಾರರ ಮೇಲೆ ದಾಳಿ ನಡೆಸಬಹುದು; ಆದರೆ ನಿಯಂತ್ರಣ ರೇಖೆಯನ್ನು ದಾಟುವಂತಿಲ್ಲ. ಮರುದಿನ ಎರಡು ಯುದ್ಧವಿಮಾನಗಳು, ಅದರ ಮರುದಿನ ಒಂದು ಹೆಲಿಕಾಪ್ಟರ್ ನಷ್ಟವಾದವು. ದೇಶದಲ್ಲಿ ಆಕ್ರೋಶ ಹೆಚ್ಚಿತು. ಆದರೂ ಆ ಕಟ್ಟಳೆ ಬದಲಾಗಲಿಲ್ಲ. ಜುಲೈ 26ರಂದು ಕಾರ್ಯಾಚರಣೆ ಮುಗಿಯುವವರೆಗೂ ಭೂಸೇನೆಯಾಗಲಿ ವಾಯುಸೇನೆಯಾಗಲಿ ಆ ಗೆರೆಯ ಆಚೆಗೆ ಯುದ್ಧವನ್ನು ಒಯ್ಯಲಿಲ್ಲ.

ಅಹಿಂಸೆಯನ್ನು ಪರಮಧರ್ಮವೆಂದು ನಂಬಿದವರು ಈ ಘಟನೆಯನ್ನು ಹೇಗೆ ಕಾಣಬೇಕು? ಯುದ್ಧವೆಂದ ಮೇಲೆ ಅದು ಹಿಂಸೆಯೇ. ಅದರಲ್ಲಿ ಧರ್ಮದ ಮಾತಿಗೆ ಎಡೆಯೆಲ್ಲಿ ಎಂದು ಕೇಳುವವರಿದ್ದಾರೆ. ಅತಿಕ್ರಮಿಸಿದವನನ್ನು ಅವನ ಮನೆಯವರೆಗೂ ಅಟ್ಟಿಸಿಕೊಂಡು ಹೋಗದಿರುವುದು ಹೇಡಿತನವೆಂದು ಕೇಳುವವರೂ ಇದ್ದಾರೆ. ಜಿನಧರ್ಮದ ಶ್ರಾವಕಾಚಾರ ಈ ಎರಡು ಪ್ರಶ್ನೆಗಳಿಗೂ ಉತ್ತರ ಕೊಡುತ್ತದೆ.

ಅಂದಿನ ಸಂದರ್ಭ ಸಾಮಾನ್ಯವಾದುದಾಗಿರಲಿಲ್ಲ. 1998ರ ಮೇ ತಿಂಗಳಲ್ಲಿ ಪೋಖ್ರಾನ್‌ನಲ್ಲಿ ಭಾರತವೂ ಚಾಗಾಯ್‌ನಲ್ಲಿ ಪಾಕಿಸ್ತಾನವೂ ಅಣುಪರೀಕ್ಷೆ ನಡೆಸಿದ್ದವು. 1999ರ ಫೆಬ್ರವರಿಯಲ್ಲಿ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಬಸ್ಸಿನಲ್ಲಿ ಲಾಹೋರಿಗೆ ಹೋಗಿ ಸ್ನೇಹದ ಘೋಷಣೆಗೆ ಸಹಿ ಹಾಕಿ ಬಂದಿದ್ದರು. ಅದೇ ಮೇ ತಿಂಗಳ ಮೊದಲ ವಾರದಲ್ಲಿ, ಚಳಿಗಾಲದಲ್ಲಿ ತೆರವಾಗಿದ್ದ ಶಿಖರಗಳನ್ನು ಪಾಕಿಸ್ತಾನದ ಪಡೆಗಳು ಆಕ್ರಮಿಸಿರುವ ಸುಳಿವು ಕುರಿಗಾಹಿಗಳ ಮೂಲಕ ಸಿಕ್ಕಿತು. ಮೊದಲಿಗೆ ಅವರು ಮುಜಾಹಿದೀನರೆಂದು ಹೇಳಲಾಯಿತು. ಅವರಲ್ಲಿ ಬಹುಪಾಲು ನಾರ್ದರ್ನ್ ಲೈಟ್ ಇನ್‌ಫೆಂಟ್ರಿಯ ಸೈನಿಕರೆಂಬುದು ಬಳಿಕ ಸ್ಪಷ್ಟವಾಯಿತು. ಶ್ರೀನಗರದಿಂದ ಲೇಹ್‌ಗೆ ಹೋಗುವ ಹೆದ್ದಾರಿ ಅವರ ಗುಂಡಿನಳತೆಯಲ್ಲಿತ್ತು. ಸುಮ್ಮನಿದ್ದರೆ ಅನ್ಯಾಯಕ್ಕೆ ಸಮ್ಮತಿ ಕೊಟ್ಟಂತೆ. ಮೇರೆಯಿಲ್ಲದೆ ಎದುರಿಸಿದರೆ ಎರಡು ಅಣ್ವಸ್ತ್ರ ರಾಷ್ಟ್ರಗಳ ಪೂರ್ಣ ಯುದ್ಧಕ್ಕೆ ಬಾಗಿಲು ತೆರೆದಂತೆ.

ಜೈನಾಚಾರ್ಯರು ಹಿಂಸೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಕೊಲ್ಲಬೇಕೆಂಬ ಸಂಕಲ್ಪದಿಂದ ಮಾಡುವುದು ಸಂಕಲ್ಪೀ ಹಿಂಸೆ. ಅಡುಗೆ ಮೊದಲಾದ ಗೃಹಕೃತ್ಯಗಳಲ್ಲಿ ಅನಿವಾರ್ಯವಾಗಿ ಆಗುವುದು ಆರಂಭೀ. ಕೃಷಿ, ವಾಣಿಜ್ಯ ಮೊದಲಾದ ವೃತ್ತಿಗಳಲ್ಲಿ ಆಗುವುದು ಉದ್ಯೋಗೀ. ತನ್ನನ್ನೂ ತನ್ನವರನ್ನೂ ನಾಡನ್ನೂ ಆಕ್ರಮಣದಿಂದ ರಕ್ಷಿಸಿಕೊಳ್ಳುವಾಗ ಆಗುವುದು ವಿರೋಧೀ. ಮಹಾವ್ರತಿಯಾದ ಮುನಿಗೆ ಈ ನಾಲ್ಕೂ ವರ್ಜ್ಯ. ಅಣುವ್ರತಿಯಾದ ಗೃಹಸ್ಥನಾದರೋ ಮೊದಲನೆಯದನ್ನು ಸಂಪೂರ್ಣವಾಗಿ ಬಿಡಬೇಕು. ಉಳಿದ ಮೂರನ್ನು ಎಚ್ಚರದಿಂದ ಆದಷ್ಟು ಕಡಿಮೆ ಮಾಡಬೇಕು. ವಿರೋಧೀ ಹಿಂಸೆಯನ್ನು ಶಾಸ್ತ್ರವು ಪುಣ್ಯವೆಂದು ಹೊಗಳುವುದಿಲ್ಲ. ಗೃಹಸ್ಥನ ಮಿತಿಯನ್ನು ಅರಿತು ಅದನ್ನು ಸಹಿಸುತ್ತದೆ. ಈ ಸೂಕ್ಷ್ಮವನ್ನು ಮರೆತರೆ ಅಹಿಂಸೆ ದೌರ್ಬಲ್ಯವಾಗುತ್ತದೆ, ಇಲ್ಲವೇ ರಕ್ಷಣೆಯ ಹೆಸರಿನಲ್ಲಿ ದ್ವೇಷವು ಒಳನುಸುಳುತ್ತದೆ.

ಕನ್ನಡ ನಾಡಿನ ಜೈನ ಪರಂಪರೆಗೆ ಈ ವಿವೇಕ ಹೊಸದಲ್ಲ. ಶ್ರವಣಬೆಳಗೊಳದಲ್ಲಿ ಬಾಹುಬಲಿಯ ಮಹಾಮೂರ್ತಿಯನ್ನು ಸ್ಥಾಪಿಸಿದ ಚಾವುಂಡರಾಯನು ಗಂಗರ ದಂಡನಾಯಕ. ಸಮರ ಪರಶುರಾಮನೆಂಬ ಬಿರುದೂ ಸಮ್ಯಕ್ತ್ವ ರತ್ನಾಕರನೆಂಬ ಬಿರುದೂ ಆ ಒಬ್ಬನಿಗೇ ಸಂದಿದ್ದವು. ಅದೇ ಹತ್ತನೆಯ ಶತಮಾನದ ಸೋಮದೇವಸೂರಿ ಜೈನಮುನಿಯಾಗಿದ್ದೂ ‘ನೀತಿವಾಕ್ಯಾಮೃತ’ವೆಂಬ ರಾಜನೀತಿಯ ಗ್ರಂಥವನ್ನು ರಚಿಸಿದರು. ಬುದ್ಧಿಯ ಯುದ್ಧದಿಂದ ಗೆಲ್ಲಲಾಗದಾಗ ಮಾತ್ರ ಶಸ್ತ್ರಯುದ್ಧಕ್ಕೆ ಇಳಿಯಬೇಕೆಂಬುದು ಅವರ ಬೋಧೆ. ಆಯುಧ ಹಿಡಿದು ಎದುರು ನಿಂತವನ ಮೇಲೆ ಅರಸನು ಶಸ್ತ್ರವೆತ್ತಬಹುದು. ದೀನರ ಮೇಲೆ, ದುರ್ಬಲರ ಮೇಲೆ ಎತ್ತಲಾಗದು ಎಂಬ ವಿವೇಚನೆಯೂ ಅವರಲ್ಲಿದೆ.

ಆಯುಧ ಎತ್ತಬೇಕೆ ಎಂಬ ಪ್ರಶ್ನೆಯ ಬೆನ್ನಿಗೇ, ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆ ಬರುತ್ತದೆ. ಇಲ್ಲಿ ನೆನಪಾಗಬೇಕಾದುದು ಗುಣವ್ರತಗಳಲ್ಲಿ ಒಂದಾದ ದಿಗ್ವ್ರತ. ಶ್ರಾವಕನು ಹತ್ತೂ ದಿಕ್ಕುಗಳಲ್ಲಿ ತನ್ನ ಓಡಾಟಕ್ಕೂ ವ್ಯವಹಾರಕ್ಕೂ ಒಂದು ಮೇರೆಯನ್ನು ಹಾಕಿಕೊಂಡು, ಬದುಕಿರುವವರೆಗೆ ಅದನ್ನು ಮೀರುವುದಿಲ್ಲವೆಂದು ಸಂಕಲ್ಪಿಸುವುದೇ ದಿಗ್ವ್ರತ. ಸಮುದ್ರ, ನದಿ, ಅಡವಿ, ಪರ್ವತ, ಜನಪದ ಮುಂತಾದ ಎಲ್ಲರಿಗೂ ತಿಳಿದ ಗುರುತುಗಳೇ ಆ ಮೇರೆಯಾಗಬೇಕೆಂದು ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ವಿಧಿಸುತ್ತಾರೆ. ಸ್ಪಷ್ಟವಲ್ಲದ ಮೇರೆ ಆಸೆಯ ಒತ್ತಡಕ್ಕೆ ಸಿಕ್ಕಿ ಸರಿದಾಡುತ್ತದೆ. ಕಣ್ಣಿಗೆ ಕಾಣುವ ಮೇರೆ ಸುಲಭವಾಗಿ ಸರಿಯದು. ಮೇಲಕ್ಕೆ ಏರಿ ಮೀರುವುದು, ಕೆಳಕ್ಕೆ ಇಳಿದು ಮೀರುವುದು, ಅಡ್ಡಲಾಗಿ ಮೀರುವುದು, ಹಾಕಿಕೊಂಡ ಕ್ಷೇತ್ರವನ್ನು ಹಿಗ್ಗಿಸಿಕೊಳ್ಳುವುದು, ಮೇರೆಯನ್ನೇ ಮರೆಯುವುದು – ಇವು ಐದು ಈ ವ್ರತದ ಅತಿಚಾರಗಳು. ವ್ರತದ ಫಲವನ್ನೂ ಆಚಾರ್ಯರು ಹೇಳಿದ್ದಾರೆ. ಗೆರೆಯ ಆಚೆಗಿನ ಕ್ಷೇತ್ರದಲ್ಲಿ ಆ ಗೃಹಸ್ಥನಿಂದ ಸೂಕ್ಷ್ಮ ಪಾಪವೂ ನಡೆಯದಿರುವುದರಿಂದ, ಅಲ್ಲಿಯಮಟ್ಟಿಗೆ ಅವನ ಅಣುವ್ರತವು ಮಹಾವ್ರತಕ್ಕೆ ಸಮಾನವಾಗುತ್ತದೆ.

1999ರ ನಿರ್ಧಾರ ಧಾರ್ಮಿಕ ವ್ರತವಾಗಿರಲಿಲ್ಲ. ಅದು ರಾಜನೀತಿಯ ಲೆಕ್ಕಾಚಾರ. ಅದನ್ನು ಶಾಶ್ವತ ಪ್ರತಿಜ್ಞೆಯೆಂದು ಯಾರೂ ಸಾರಿರಲಿಲ್ಲ. ನೌಕಾಪಡೆಯೂ ಅರಬ್ಬೀ ಸಮುದ್ರದಲ್ಲಿ ಸನ್ನದ್ಧವಾಗಿತ್ತು. ಆದರೂ ಆ ಸಂಯಮ ಕೆಲಸ ಮಾಡಿದ ಬಗೆ ದಿಗ್ವ್ರತವನ್ನೇ ಹೋಲುತ್ತದೆ. 1972ರ ಸಿಮ್ಲಾ ಒಪ್ಪಂದದ ಬಳಿಕ ಗುರುತಿಸಲಾದ, ಎರಡೂ ಕಡೆಯವರಿಗೆ ತಿಳಿದಿದ್ದ ಗೆರೆಯೇ ಇಲ್ಲಿ ಮೇರೆಯಾಯಿತು. ನೆಲದ ಮೇಲೆ ನಡೆಯುವವರಿಗೂ ಆಕಾಶದಲ್ಲಿ ಹಾರುವವರಿಗೂ ಒಂದೇ ಕಟ್ಟಳೆ. ಗೆರೆಯ ಈಚೆ ಹೋರಾಟ ತೀವ್ರವಾಗಿತ್ತು. ಆಚೆಗಿನ ಹಳ್ಳಿ, ನಗರ, ಹೊಲ, ಶಾಲೆಗಳಿಗೆ ಪೂರ್ಣ ಯುದ್ಧ ತಲುಪಲಿಲ್ಲ. ಎದುರಾಳಿಗೂ ಒಂದು ವಿಷಯ ಖಚಿತವಾಯಿತು: ಈ ಹೋರಾಟ ಕಳೆದುಕೊಂಡ ಶಿಖರಗಳಿಗಾಗಿಯೇ ಹೊರತು ಅವನ ದೇಶದ ಉಳಿವಿನ ಮೇಲಲ್ಲ. ಅಣ್ವಸ್ತ್ರವುಳ್ಳವನಿಗೆ ಈ ಖಚಿತತೆ ಸಿಗುವುದು ಎಲ್ಲರ ಕ್ಷೇಮಕ್ಕೂ ಅಗತ್ಯ.

ಆದರೆ ಈ ಸಂಯಮಕ್ಕೆ ಬೆಲೆಯಿತ್ತು. ಗೆರೆಯ ಆಚೆಯಿಂದ ಸುತ್ತುವರಿದು ಅತಿಕ್ರಮಣಕಾರರ ಸರಬರಾಜು ಕಡಿಯುವ ದಾರಿ ಮುಚ್ಚಿದ್ದರಿಂದ, ಸೈನಿಕರು ಕಡಿದಾದ ಬಂಡೆಗಳನ್ನು ಎದುರಿನಿಂದಲೇ ಏರಬೇಕಾಯಿತು. ದ್ರಾಸ್‌ನ ತೋಲೋಲಿಂಗ್ ಶಿಖರಕ್ಕಾಗಿ ಸುಮಾರು ಮೂರು ವಾರ ಹೋರಾಟ ನಡೆಯಿತು. ಜೂನ್ 13ರಂದು ಅದು ಮರಳಿ ವಶವಾಯಿತು. ಜುಲೈ 4ರಂದು ಟೈಗರ್ ಹಿಲ್. ಆ ಬೇಸಿಗೆಯಲ್ಲಿ ಭಾರತದ 527 ಯೋಧರು ಪ್ರಾಣ ಕೊಟ್ಟರು. ಆಚೆ ಕಡೆಯಲ್ಲೂ ನೂರಾರು ತಾಯಂದಿರು ಮಕ್ಕಳನ್ನು ಕಳೆದುಕೊಂಡರು.

ಇಲ್ಲಿ ಕಠಿಣವಾದ ಪ್ರಶ್ನೆಯೊಂದು ಏಳುತ್ತದೆ. ಶ್ರಾವಕನ ವ್ರತದ ಕಷ್ಟವನ್ನು ಶ್ರಾವಕನೇ ಉಣ್ಣುತ್ತಾನೆ. ರಾಷ್ಟ್ರದ ಸಂಯಮವನ್ನು ನಿರ್ಧರಿಸುವವರು ಒಬ್ಬರು, ಅದರ ಕಷ್ಟ ಉಣ್ಣುವವರು ಇನ್ನೊಬ್ಬರು. ಭರತ-ಬಾಹುಬಲಿಯರ ಕಥೆಯಲ್ಲಿ ಈ ಪ್ರಶ್ನೆ ಆಗಲೇ ಇದೆ. ಜಿನಸೇನಾಚಾರ್ಯರ ಸಂಸ್ಕೃತದಲ್ಲಿಯೂ 941ರಲ್ಲಿ ಪಂಪನ ಕನ್ನಡದಲ್ಲಿಯೂ ಆದಿಪುರಾಣವಾಗಿ ಹರಿದುಬಂದ ಕಥೆ ಅದು. ಚಕ್ರವರ್ತಿಯಾದ ಅಣ್ಣನಿಗೆ ತಲೆಬಾಗಲು ಪೌದನಪುರದ ತಮ್ಮನು ಒಪ್ಪದಿದ್ದಾಗ ಎರಡು ಸೇನೆಗಳು ಎದುರುಬದುರು ನಿಂತವು. ಆಗ ಮಂತ್ರಿಗಳು ಯೋಚಿಸಿದರು: ಅಣ್ಣತಮ್ಮಂದಿರಿಬ್ಬರೂ ಚರಮದೇಹಿಗಳು, ಇದೇ ಜನ್ಮದಲ್ಲಿ ಮುಕ್ತಿ ಪಡೆಯುವವರು, ಯುದ್ಧದಿಂದ ಅವರಿಗೆ ಕೇಡಿಲ್ಲ, ಸಾಯುವವರು ಈ ಸೈನಿಕರು ಮಾತ್ರ. ಹಾಗಾಗಿ ಅವರು ಸೇನೆಗಳನ್ನು ತಡೆದು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಿಂದ ಸಹೋದರರೇ ಬಲಾಬಲವನ್ನು ತೀರ್ಮಾನಿಸಿಕೊಳ್ಳಲೆಂದು ಸೂಚಿಸಿದರು. ನಿರ್ಧರಿಸುವವರು ಕ್ಷೇಮವಾಗಿದ್ದು ಉಳಿದವರು ಅಳಿಯುವುದು ಅನ್ಯಾಯವೆಂಬ ಅರಿವಿನಿಂದಲೇ ಆ ಮೂರು ಯುದ್ಧಗಳು ಹುಟ್ಟಿದವು.

ಇಂದಿನ ರಾಷ್ಟ್ರಗಳು ನಾಯಕರ ಮಲ್ಲಯುದ್ಧದಿಂದ ವ್ಯಾಜ್ಯ ತೀರಿಸಿಕೊಳ್ಳಲಾರವು. ಆದರೆ ಸೇನೆಗಳನ್ನು ತಡೆದ ಆ ಮಂತ್ರಿಗಳ ವಿವೇಕ ಇಂದಿಗೂ ಸಲ್ಲುತ್ತದೆ. ಯುದ್ಧ ಹಿಗ್ಗಿದರೆ ಸಾಯುವವರು ಯಾರು ಎಂದು ಮೊದಲು ಎಣಿಸಬೇಕು. ಅಣ್ವಸ್ತ್ರದ ಯುಗದಲ್ಲಿ ಆ ಎಣಿಕೆಗೆ ಕೊನೆಯಿಲ್ಲ. ಸೈನಿಕ, ರೈತ, ಹಸುಳೆ, ಪಶು, ಪಕ್ಷಿ, ನೀರಿನ ಜೀವ, ಮಣ್ಣಿನ ಜೀವ ಎಲ್ಲವೂ ಅದರೊಳಗೆ ಬರುತ್ತವೆ. ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗಿನ ಎಲ್ಲ ಜೀವಗಳನ್ನೂ ಲೆಕ್ಕಕ್ಕೆ ತಂದುಕೊಳ್ಳುವ ಧರ್ಮಕ್ಕೆ ಈ ಎಣಿಕೆಯ ಭಾರ ಅರ್ಥವಾಗುತ್ತದೆ. ಹಾಗೆಂದು ಆ ಬಂಡೆಗಳ ಮೇಲೆ ಮಡಿದವರ ಋಣ ಕಡಿಮೆಯಾಗುವುದಿಲ್ಲ. ಸಂಯಮವನ್ನು ಹೊಗಳುವವರು ಅದಕ್ಕಾಗಿ ದೇಹ ತೆತ್ತವರನ್ನು ಮೊದಲು ಸ್ಮರಿಸಬೇಕು.

ಕಥೆಯ ಮುಂದಿನ ಭಾಗ ಇನ್ನೂ ಗಹನವಾದುದು. ಮಲ್ಲಯುದ್ಧದಲ್ಲಿ ಬಾಹುಬಲಿ ಭರತನನ್ನು ಮೇಲೆತ್ತಿದನು. ನೆಲಕ್ಕೆ ಅಪ್ಪಳಿಸಬಹುದಾಗಿತ್ತು, ಅಪ್ಪಳಿಸಲಿಲ್ಲ. ಹಿರಿಯನೆಂಬ ಗೌರವದಿಂದ ಮೆಲ್ಲನೆ ಇಳಿಸಿದನು. ಆದರೂ ಸೋಲಿನ ಅವಮಾನದಲ್ಲಿ ಬೆಂದ ಭರತನು ತನ್ನ ಕಟ್ಟಕಡೆಯ ಆಯುಧವಾದ ಚಕ್ರರತ್ನವನ್ನು ತಮ್ಮನ ಮೇಲೆ ಪ್ರಯೋಗಿಸಿಯೇಬಿಟ್ಟನು. ಗೌರವದಿಂದ ಇಳಿಸಿದವನ ಮೇಲೂ ಚಕ್ರ ಹೊರಟಿತೆಂದರೆ, ಅವಮಾನಿತನಾದ ಬಲಶಾಲಿಯ ಮನಸ್ಸು ಎಷ್ಟು ಅಪಾಯಕಾರಿ ಎಂಬುದನ್ನು ಪುರಾಣ ಎಚ್ಚರಿಸುತ್ತದೆ. ಆ ಚಕ್ರ ಬಾಹುಬಲಿಗೆ ಪ್ರದಕ್ಷಿಣೆ ಬಂದು ತೇಜಸ್ಸು ಕುಂದಿ ನಿಂತಿತು. ಇಂದಿನ ಚಕ್ರಗಳಿಗೆ ಬಂಧುವೂ ಗೊತ್ತಿಲ್ಲ, ಧರ್ಮಾತ್ಮನೂ ಗೊತ್ತಿಲ್ಲ. ಆದುದರಿಂದ ಎದುರಾಳಿಯನ್ನು ಆ ಕೊನೆಯ ಗಳಿಗೆಗೆ ತಳ್ಳದೆ, ಅವನು ಹಿಂದಿರುಗುವ ದಾರಿಯನ್ನು ತೆರೆದಿಡುವುದು ಕರುಣೆಯೂ ಹೌದು, ಜಾಣ್ಮೆಯೂ ಹೌದು.

1999ರಲ್ಲಿ ಆ ದಾರಿ ತೆರೆದಿತ್ತು. ರಣರಂಗದಲ್ಲಿ ಗುಂಡು ಹಾರುತ್ತಿರುವಾಗಲೇ ಎರಡು ರಾಜಧಾನಿಗಳ ನಡುವೆ ಸಂಧಾನಕಾರರು ಸದ್ದಿಲ್ಲದೆ ಓಡಾಡಿದರು. ಭಾರತವು ಗೆರೆ ದಾಟದ ಕಾರಣ ಲೋಕದ ಅಭಿಪ್ರಾಯ ಅದರ ಕಡೆಗೆ ವಾಲಿತು. ಜುಲೈ 4ರಂದು ವಾಷಿಂಗ್ಟನ್‌ನಲ್ಲಿ ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್‌ರನ್ನು ಭೇಟಿಯಾದ ಪಾಕಿಸ್ತಾನದ ಪ್ರಧಾನಿ ನವಾಜ್ ಷರೀಫ್, ನಿಯಂತ್ರಣ ರೇಖೆಯ ಪಾವಿತ್ರ್ಯವನ್ನು ಮರಳಿ ಸ್ಥಾಪಿಸಲು ಒಪ್ಪಿದರು. ಶಿಖರದ ಮೇಲಿನ ಶೌರ್ಯ ಮತ್ತು ಗೆರೆಯ ಬಳಿಯ ಸಂಯಮ ಎರಡೂ ಸೇರಿ ಆ ಹಿಂತೆಗೆತವನ್ನು ಸಾಧ್ಯವಾಗಿಸಿದವು. ಒಂದು ಇಲ್ಲದಿದ್ದರೆ ಇನ್ನೊಂದು ಫಲಿಸುತ್ತಿರಲಿಲ್ಲ.

ಆ ದಿನಗಳ ಇನ್ನೊಂದು ಪ್ರಸಂಗವೂ ಸ್ಮರಣೀಯ. ಟೈಗರ್ ಹಿಲ್‌ನಲ್ಲಿ ಪಾಕಿಸ್ತಾನದ ಕ್ಯಾಪ್ಟನ್ ಕರ್ನಲ್ ಶೇರ್ ಖಾನ್ ಕೊನೆಯವರೆಗೂ ಹೋರಾಡಿ ಮಡಿದರು. ಅವರ ದೇಹವನ್ನು ಹಿಂದಿರುಗಿಸುವಾಗ ಭಾರತದ ಬ್ರಿಗೇಡಿಯರ್ ಎಂ.ಪಿ.ಎಸ್. ಬಾಜ್ವಾ, ಈ ಅಧಿಕಾರಿ ಧೀರತನದಿಂದ ಹೋರಾಡಿದರೆಂದು ಚೀಟಿ ಬರೆದು ಅವರ ಜೇಬಿನಲ್ಲಿರಿಸಿದರು. ಪಾಕಿಸ್ತಾನವು ಮುಂದೆ ಅವರಿಗೆ ತನ್ನ ಅತ್ಯುನ್ನತ ಪದಕವನ್ನಿತ್ತಿತು. ತನ್ನ ದೇಶ ಸ್ವೀಕರಿಸದೆ ಉಳಿದ ಪಾಕಿಸ್ತಾನಿ ಸೈನಿಕರ ಶವಗಳಿಗೆ ಭಾರತೀಯ ಸೇನೆಯೇ ಇಸ್ಲಾಮಿನ ವಿಧಿಯಂತೆ ಅಂತ್ಯಸಂಸ್ಕಾರ ಮಾಡಿತು. ಪ್ರಮಾದದಿಂದ, ಅಂದರೆ ಕಷಾಯಕ್ಕೆ ವಶವಾದ ಮನಸ್ಸಿನಿಂದ ಪ್ರಾಣ ತೆಗೆಯುವುದೇ ಹಿಂಸೆಯೆಂದು ತತ್ತ್ವಾರ್ಥಸೂತ್ರ ತಿಳಿಸುತ್ತದೆ. ಕೈ ಹೋರಾಡುವಾಗಲೂ ಮನಸ್ಸನ್ನು ದ್ವೇಷದಿಂದ ಕಾಯ್ದುಕೊಳ್ಳಬಹುದೆಂಬುದಕ್ಕೆ ಆ ಚಿಕ್ಕ ಚೀಟಿ ಸಾಕ್ಷಿ.

ಯುದ್ಧ ನಿಂತ ಮಾತ್ರಕ್ಕೆ ಕಷಾಯ ಶಮನವಾಗುವುದಿಲ್ಲ. ರಾಜ್ಯವನ್ನು ತೊರೆದ ಬಾಹುಬಲಿ ಒಂದು ವರ್ಷ ಕದಲದೆ ಪ್ರತಿಮಾಯೋಗದಲ್ಲಿ ನಿಂತನು. ಆದರೂ ಕೇವಲಜ್ಞಾನ ಉದಿಸಲಿಲ್ಲ. ಅಣ್ಣನಿಗೆ ತನ್ನಿಂದ ನೋವಾಯಿತೆಂಬ ಎಳೆಯೊಂದು ಅಂತರಂಗದಲ್ಲಿ ಉಳಿದಿತ್ತು. ಭರತನೇ ಬಂದು ಪೂಜಿಸಿದಾಗ ಆ ಎಳೆ ಕಳಚಿತು. ಗೆದ್ದವನ ಬಿಡುಗಡೆಗೂ ಸೋತವನು ಬೇಕಾಯಿತು. ರಾಷ್ಟ್ರಗಳ ವಿಷಯದಲ್ಲಿ ಈ ಕೆಲಸ ಇನ್ನೂ ನಿಧಾನ. 2001ರ ಜುಲೈನಲ್ಲಿ ಆಗ್ರಾದಲ್ಲಿ ಮಾತುಕತೆ ನಡೆದು ವಿಫಲವಾಯಿತು. 2003ರ ನವೆಂಬರ್‌ನಲ್ಲಿ ಅದೇ ನಿಯಂತ್ರಣ ರೇಖೆಯಲ್ಲಿ ಕದನವಿರಾಮ ಜಾರಿಗೆ ಬಂದಿತು. ಬಳಿಕ ಅದು ಮುರಿಯಿತು, ಮತ್ತೆ ಕೂಡಿತು. ವ್ರತದಲ್ಲಿ ಅತಿಚಾರ ಸಂಭವಿಸಿದರೆ ಶ್ರಾವಕನು ವ್ರತವನ್ನೇ ಬಿಡುವುದಿಲ್ಲ. ಪ್ರತಿಕ್ರಮಣ ಮಾಡಿ ಮತ್ತೆ ಮೇರೆಗೆ ಮರಳುತ್ತಾನೆ.

ಇದು ಅರಸರಿಗೆ ಮಾತ್ರ ಸಂಬಂಧಿಸಿದ ಪಾಠವಲ್ಲ. ದಾಯಾದಿಯೊಬ್ಬನು ಬೇಲಿಯನ್ನು ಒಂದು ಗೇಣು ಒತ್ತಿದಾಗ ಆ ಗೇಣನ್ನು ಬಿಡಿಸಿಕೊಳ್ಳುವುದು ಗೃಹಸ್ಥನಿಗೆ ತಪ್ಪಲ್ಲ. ಆ ಕೋಪದಲ್ಲಿ ಅವನ ಹೊಲಕ್ಕೂ ಹೆಸರಿಗೂ ಮಕ್ಕಳಿಗೂ ಕೈ ಹಾಕುವುದು ತಪ್ಪು. ವ್ಯಾಜ್ಯಕ್ಕೆ ಇಳಿಯುವ ಮೊದಲೇ ಎಲ್ಲಿ ನಿಲ್ಲುವುದೆಂದು ಗೆರೆ ಹಾಕಿಕೊಳ್ಳಬೇಕು, ಏಕೆಂದರೆ ಕೋಪ ಏರಿದ ಮೇಲೆ ಹಾಕುವ ಗೆರೆ ನಿಲ್ಲದು. ವಿಂಧ್ಯಗಿರಿಯ ಮೆಟ್ಟಿಲುಗಳನ್ನು ಹತ್ತಿ ಬರುವ ಭಕ್ತರಿಗೆ ಅಲ್ಲಿ ಕಾಣುವುದು ಆಯುಧವಿಲ್ಲದೆ ಕೆಳಗಿಳಿದ ಎರಡು ನೀಳ ತೋಳುಗಳು. ಚಕ್ರವರ್ತಿಯನ್ನು ಎತ್ತಿದ ತೋಳುಗಳೂ ಅವೇ, ಮೆಲ್ಲನೆ ಇಳಿಸಿದ ತೋಳುಗಳೂ ಅವೇ.