ರೋಬಾಟಿಗೆ ಎಡ ಯಾವುದು, ಬಲ ಯಾವುದು?

ಸ್ಕಂದಗಿರಿಯ ಮೇಲೆ ಮಂಜು ಕವಿದರೆ ಹತ್ತು ಹೆಜ್ಜೆ ಮುಂದಿರುವ ಬಂಡೆಯೂ ಕಾಣುವುದಿಲ್ಲ. ಕಳೆದ ಚಳಿಗಾಲದ ಒಂದು ಬೆಳಗ್ಗೆ ಏಳು ಮಂದಿ ವಿದ್ಯಾರ್ಥಿಗಳೊಡನೆ ಕಳವಾರದ ಪಾಪಾಗ್ನಿ ಮಠದ ಬಳಿಯಿಂದ ಬೆಟ್ಟ ಹತ್ತತೊಡಗಿದ ನಾನು, ಅರ್ಧ ದಾರಿಯಲ್ಲಿ ಹಿಂದೆ ಬಿದ್ದು ದಾರಿ ತಪ್ಪಿದೆ. ಮೇಲಿನಿಂದ ಹುಡುಗನೊಬ್ಬ ‘ಎಡಕ್ಕೆ ಬನ್ನಿ ಸಾರ್’ ಎಂದು ಕೂಗಿದ. ಎಡಕ್ಕೆ ಹೋದರೆ ಮುಳ್ಳಿನ ಪೊದೆ ಸಿಕ್ಕಿತು. ಅವನು ನನ್ನತ್ತ ಮುಖ ಮಾಡಿ ನಿಂತಿದ್ದ. ಅವನ ಎಡ ನನಗೆ ಬಲವಾಗಿತ್ತು. ಆಗ ಊರಿನ ಮಾರ್ಗದರ್ಶಿ, ‘ಎಡ ಬಲ ಬಿಡಿ ಸಾರ್, ನಂದಿ ಕಡೆ ನಡೀರಿ’ ಎಂದ. ನಂದಿಬೆಟ್ಟ ಅಲ್ಲಿಂದ ದಕ್ಷಿಣಕ್ಕಿದೆ. ಮಂಜಿನಲ್ಲಿ ಅದು ಮರೆಯಾಗಿದ್ದರೂ ತುಸು ಮೊದಲು ಕಂಡಿದ್ದರಿಂದ ದಿಕ್ಕು ನೆನಪಿತ್ತು. ದಾರಿ ಸಿಕ್ಕಿತು.

ಈ ಮಾತು ಕೇಳಿ ವಿದ್ಯಾರ್ಥಿಗಳು ಪರಸ್ಪರ ಮುಖ ನೋಡಿಕೊಂಡರು. ಕಾರಣವಿತ್ತು. ಒಂದು ತಿಂಗಳಿನಿಂದ ಅವರು ಜಗಳವಾಡುತ್ತಿದ್ದುದು ಇದೇ ಪ್ರಶ್ನೆಯ ಮೇಲೆ.

ಎಂಜಿನಿಯರಿಂಗ್ ಅಧ್ಯಾಪಕನಾಗಿ ನಿವೃತ್ತನಾದ ಮೇಲೆ ನಾನು ಚಿಕ್ಕಬಳ್ಳಾಪುರದ ಕಡೆಯ ಒಂದು ಕಾಲೇಜಿಗೆ ವಾರಕ್ಕೆರಡು ಸಲ ಹೋಗಿ ಅಲ್ಲಿನ ರೋಬಾಟ್ ತಂಡಕ್ಕೆ ಸಲಹೆ ಕೊಡುತ್ತೇನೆ. ಇಂಥ ಸ್ಪರ್ಧೆಗಳು ಈಗ ಅಪರೂಪವಲ್ಲ. ಏಷ್ಯಾ–ಪೆಸಿಫಿಕ್ ಪ್ರಸಾರ ಒಕ್ಕೂಟವು 2002ರಲ್ಲಿ ಆರಂಭಿಸಿದ ರೋಬೋಕಾನ್ 2022ರಲ್ಲಿ ದೆಹಲಿಯಲ್ಲಿ ನಡೆದಾಗ ಅದರ ವಸ್ತು ನಮ್ಮ ಬೀದಿಯ ಲಗೋರಿಯೇ ಆಗಿತ್ತು. ನಮ್ಮ ತಂಡ ಹೊರಟಿದ್ದುದು ಅಷ್ಟು ದೊಡ್ಡ ಕಣಕ್ಕಲ್ಲ, ಒಂದು ಅಂತರ ಕಾಲೇಜು ಸ್ಪರ್ಧೆಗೆ.

ಅವರ ರೋಬಾಟ್ ಎಲ್ಲ ದಿಕ್ಕಿಗೂ ಚಲಿಸಬಲ್ಲದು. ಕಾರು ಪಕ್ಕಕ್ಕೆ ಸರಿಯಲಾರದು ಎಂಬ ಸಂಕಟ ಬೆಂಗಳೂರಿನ ಗಲ್ಲಿಗಳಲ್ಲಿ ಕಾರು ನಿಲ್ಲಿಸಿದವರಿಗೆಲ್ಲ ಗೊತ್ತು. 1970ರ ದಶಕದಲ್ಲಿ ಸ್ವೀಡನ್ನಿನ ಬೆಂಗ್ಟ್ ಇಲಾನ್ ಎಂಬ ಎಂಜಿನಿಯರ್ ಇದಕ್ಕೊಂದು ಉಪಾಯ ಹೂಡಿದ. ಚಕ್ರದ ಅಂಚಿನ ಸುತ್ತ 45 ಡಿಗ್ರಿ ಓರೆಯಾಗಿ ಸಣ್ಣ ಉರುಳೆಗಳನ್ನು ಜೋಡಿಸುವುದು. ಇಂಥ ನಾಲ್ಕು ಚಕ್ರಗಳನ್ನು ಬೇರೆ ಬೇರೆ ಮೋಟಾರುಗಳಿಂದ ತಿರುಗಿಸಿದರೆ ಗಾಡಿ ಮುಂದೆ ಹಿಂದೆ ಹೋಗುತ್ತದೆ, ಏಡಿಯಂತೆ ಪಕ್ಕಕ್ಕೆ ಸರಿಯುತ್ತದೆ, ನಿಂತಲ್ಲೇ ಬುಗುರಿಯಂತೆ ತಿರುಗುತ್ತದೆ. ಈ ಮೂರನ್ನೂ ಏಕಕಾಲಕ್ಕೆ ಮಾಡಬಲ್ಲದು. ತೊಡಕು ಶುರುವಾಗುವುದು ಇಲ್ಲೇ. ಯಂತ್ರ ಮೂರನ್ನೂ ಮಾಡಬಲ್ಲದಾದರೂ ಮೂರನ್ನೂ ಹೇಳಬೇಕಾದದ್ದು ಮನುಷ್ಯನ ಎರಡು ಕೈ.

ಮೊದಲು ತಂದದ್ದು ವಿಮಾನದ ಆಟಗಳಿಗೆ ಬಳಸುವ ದೊಡ್ಡ ಜಾಯ್‌ಸ್ಟಿಕ್. ಬಾಗಿಸಿದ ಕಡೆಗೆ ರೋಬಾಟ್ ಸರಿಯುತ್ತದೆ, ಹಿಡಿಕೆಯನ್ನು ತಿರುಚಿದರೆ ತಿರುಗುತ್ತದೆ. ಕೇಳಲು ಸೊಗಸಾಗಿದೆ. ಆದರೆ ತೋಳನ್ನು ಜೋರಾಗಿ ಮುಂದೆ ಚಾಚಿದಾಗ ಮಣಿಕಟ್ಟು ತನಗರಿವಿಲ್ಲದೆ ತುಸು ತಿರುಚಿಕೊಳ್ಳುತ್ತದೆ. ನೇರ ಹೋಗಬೇಕಾದ ರೋಬಾಟ್ ಕುಡಿದವನಂತೆ ವಾಲತೊಡಗಿತು. ಅದನ್ನು ಬದಿಗಿಟ್ಟು, ಎರಡು ಹೆಬ್ಬೆರಳುಗಳಿಂದ ಆಡಿಸುವ ಗೇಮ್‌ಪ್ಯಾಡ್ ತಂದರು.

ಆಗ ಎರಡನೆಯ ಜಗಳ. ಎಡಗಡ್ಡಿಯಿಂದ ಚಲನೆ, ಬಲಗಡ್ಡಿಯಿಂದ ತಿರುವು ಎಂದು ವಿಡಿಯೊ ಆಟ ಆಡಿ ಬೆಳೆದವರ ವಾದ. ತಂಡದಲ್ಲಿ ಮದುವೆಗಳಲ್ಲಿ ಡ್ರೋನ್ ಹಾರಿಸಿ ಚಿತ್ರೀಕರಿಸುವ ಹುಡುಗನೊಬ್ಬನಿದ್ದಾನೆ. ಅವನ ಕೈ ಕಲಿತದ್ದು ಇದಕ್ಕೆ ತದ್ವಿರುದ್ಧ. ಡ್ರೋನ್‌ನಲ್ಲಿ ಸಾಮಾನ್ಯವಾಗಿ ಬಲಗಡ್ಡಿ ಚಲನೆಗೆ, ಎಡಗಡ್ಡಿ ಎತ್ತರಕ್ಕೆ ಮತ್ತು ತಿರುವಿಗೆ. ತಮ್ಮದೇ ಸಹಜ ಎಂದು ಇಬ್ಬರೂ ಸಾಧಿಸಿದರು. ಸಹಜ ಎಂಬುದು ಎಷ್ಟೋ ಸಲ ಹತ್ತು ವರ್ಷದ ಅಭ್ಯಾಸದ ಇನ್ನೊಂದು ಹೆಸರು.

ಆದರೆ ರೋಬಾಟನ್ನು ನಡೆಸಬೇಕಾಗಿದ್ದವಳು ಇವರಿಬ್ಬರೂ ಅಲ್ಲದ ಒಬ್ಬ ಹುಡುಗಿ. ಶಿಡ್ಲಘಟ್ಟದವಳು. ಮನೆಯಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆ. ರಜೆಯಲ್ಲಿ ವಿಡಿಯೊ ಆಟ ಆಡುವ ಬದಲು ಗೂಡಿನ ಎಳೆ ಹಿಡಿದು ಬೆಳೆದವಳು. ಗದ್ದಲದ ನಡುವೆಯೂ ಕೈ ನಡುಗದವಳೆಂದು ತಂಡವೇ ಅವಳನ್ನು ಆರಿಸಿತ್ತು. ರೋಬಾಟ್ ಅವಳಿಗೆ ಬೆನ್ನು ಮಾಡಿ ಹೋಗುವಾಗ ಎಲ್ಲ ಸರಿ. ತಿರುಗಿ ಅವಳತ್ತ ಬರುವಾಗ ಎಡ ಬಲ ಅದಲುಬದಲು. ಒಂದೇ ವಾರದಲ್ಲಿ ಮೂರು ಬಾರಿ ಗೋಡೆಗೆ ಬಡಿದು ಎರಡು ಉರುಳೆಗಳು ಒಡೆದವು. ಸ್ಪರ್ಧೆಗೆ ಹದಿನೈದು ದಿನವಿತ್ತು. ಚಾಲಕಿಯನ್ನು ಬದಲಿಸೋಣ ಎಂದರು. ಹೇಳಿಕೊಳ್ಳಲು ಸಂಕೋಚವಾಗುತ್ತದೆ, ನಾನೂ ತಲೆಯಾಡಿಸಿದೆ.

ಆಕೆ ಅಳಲಿಲ್ಲ. ‘ನಾನು ಹೊರಗೆ ನಿಂತು ಅದನ್ನು ನಡೆಸ್ತಿದೀನಾ, ಅದರ ಒಳಗೆ ಕೂತಿದೀನಾ? ಮೊದಲು ಅದನ್ನು ಹೇಳಿ ಸಾರ್’ ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ಉತ್ತರ ಸಿಕ್ಕಿದ್ದು ಬೆಟ್ಟದಲ್ಲಿ.

ಮೇಲೆ ಪಾಳುಬಿದ್ದ ಕೋಟೆಯ ಕಲ್ಲುಗಳ ಮೇಲೆ ಕೂತು ಹುಡುಗರು ಲೆಕ್ಕ ಹಾಕಿದರು. ರೋಬಾಟಿನಲ್ಲಿ ಗೈರೊ ಎಂಬ ಪುಟ್ಟ ಸಾಧನವಿದೆ. ಹೊರಟಾಗಿನಿಂದ ಎಷ್ಟು ಡಿಗ್ರಿ ತಿರುಗಿದ್ದೇನೆಂಬುದನ್ನು ಅದು ನೆನಪಿಡುತ್ತದೆ. ಕಡ್ಡಿಯ ಆದೇಶವನ್ನು ಚಕ್ರಗಳಿಗೆ ಕೊಡುವ ಮೊದಲು ಅಷ್ಟೇ ಡಿಗ್ರಿ ಹಿಂದಕ್ಕೆ ತಿರುಗಿಸಿಬಿಟ್ಟರೆ ಆಯಿತು. ಪಿಯುಸಿಯ ಸೈನ್, ಕೊಸೈನ್ ಸಾಕು. ಆಗ ಮುಂದಕ್ಕೆ ಒತ್ತಿದರೆ, ರೋಬಾಟಿನ ಮೂತಿ ಎತ್ತಲೇ ಇರಲಿ, ಅದು ಕಣದ ಆಚೆ ತುದಿಗೇ ಹೋಗುತ್ತದೆ. ನಂದಿ ಕಡೆ ನಡೆ ಎಂದಂತೆ.

ಪ್ರೋಗ್ರಾಂ ಬರೆಯುವ ಹುಡುಗನಿಗೆ ಈ ವಿಧಾನ ಮೊದಲೇ ಗೊತ್ತಿತ್ತು. ಅವನ ಆಕ್ಷೇಪವೂ ನ್ಯಾಯವಾದದ್ದೇ. ಗೈರೊದ ಲೆಕ್ಕದಲ್ಲಿ ಸಣ್ಣ ತಪ್ಪುಗಳು ಸೇರುತ್ತ ಹೋಗಿ, ಅದರ ‘ಮುಂದೆ’ ಮೆಲ್ಲಗೆ ಓರೆಯಾಗುತ್ತದೆ. ಎದುರಾಳಿ ಗುದ್ದಿದರೆ ಕೇಳುವುದೇ ಬೇಡ. ಅದಕ್ಕಾಗಿ ಒಂದು ಗುಂಡಿಯಿಂದ ದಿಕ್ಕನ್ನು ಮತ್ತೆ ಸರಿಪಡಿಸಲು, ಇನ್ನೊಂದರಿಂದ ಹಳೆಯ ಕ್ರಮಕ್ಕೆ ಮರಳಲು ಏರ್ಪಾಟಾಯಿತು. ರೋಬಾಟಿನ ಮೇಲೆ ಕ್ಯಾಮೆರಾ ಇಟ್ಟು ಅದರ ಕಣ್ಣಿನಿಂದ ನೋಡುತ್ತ ನಡೆಸುವುದಾದರೆ ಹಳೆಯ ಕ್ರಮವೇ ಮೇಲು. ಆಗ ಚಾಲಕ ನಿಜಕ್ಕೂ ಒಳಗೆ ಕೂತಂತೆ.

ಉಳಿದದ್ದನ್ನು ಅವಳ ಬೆರಳೇ ನಿರ್ಧರಿಸಿತು. ಗೇಮ್‌ಪ್ಯಾಡಿನ ಕಡ್ಡಿ ಗಿಡ್ಡ, ತುಸು ಮುಟ್ಟಿದರೂ ರೋಬಾಟ್ ಜಿಗಿಯುತ್ತಿತ್ತು. ಕಡ್ಡಿಯ ಅಳತೆಯನ್ನು ಘನಕ್ಕೇರಿಸಿದಾಗ ಅರ್ಧ ಒತ್ತಿದರೆ ಎಂಟರಲ್ಲೊಂದು ಪಾಲು ವೇಗ, ಪೂರ್ತಿ ಒತ್ತಿದರೆ ಪೂರ್ತಿ ವೇಗ ಸಿಕ್ಕಿತು. ಕೈಬಿಟ್ಟಾಗಲೂ ಕಡ್ಡಿ ಸರಿಯಾಗಿ ಸೊನ್ನೆಗೆ ಮರಳುವುದಿಲ್ಲವಾದ್ದರಿಂದ ನಡುವಿನ ಸಣ್ಣ ಅಲುಗಾಟಗಳನ್ನು ಲೆಕ್ಕಕ್ಕೆ ಹಿಡಿಯದಂತೆ ಮಾಡಿದರು. ‘ಇನ್ನೂ ನಿಧಾನ, ಎಳೆ ಹಿಡಿಯೋ ಅಷ್ಟು ನಿಧಾನ’ ಎಂದು ಅವಳು ಹೇಳುತ್ತಿದ್ದಳು, ಅವನು ಅಂಕಿ ಬದಲಿಸುತ್ತಿದ್ದ. ಎರಡು ಸಂಜೆ ಹೀಗೇ ಕಳೆದವು. ಯಾವ ಕಡ್ಡಿ ಯಾವುದಕ್ಕೆ ಎಂದು ಕೇಳಿದಾಗ ಎರಡನ್ನೂ ಆಡಿಸಿ ನೋಡಿ ಡ್ರೋನ್ ಹುಡುಗನ ಕ್ರಮವನ್ನೇ ಆರಿಸಿದಳು. ವಿಡಿಯೊ ಆಟದವರು ಮುಖ ಸಣ್ಣದು ಮಾಡಿದರು.

ಸ್ಪರ್ಧೆಯಲ್ಲಿ ನಾವು ಎಂಟರ ಘಟ್ಟ ತಲುಪಿ ಸೋತೆವು. ಅಲ್ಲಿಯವರೆಗೆ ರೋಬಾಟ್ ಒಮ್ಮೆಯೂ ಗೋಡೆಗೆ ಬಡಿದಿರಲಿಲ್ಲ. ಕೊನೆಯ ಆಟದ ನಡುವೆ ಬ್ಯಾಟರಿಯ ಕನೆಕ್ಟರ್ ಕಳಚಿ ಅದು ನಿಂತುಬಿಟ್ಟಿತು. ಆ ಬೆಳಗ್ಗೆ ಕನೆಕ್ಟರನ್ನು ಸಿಕ್ಕಿಸಿದ್ದವನು ನಾನೇ.